ಮರಕ್ಕೆ ಬದಲಿ ಮರ, ಗುಡ್ಡಕ್ಕೆ ಬದಲಿ ಏನು? ಹಿನ್ನೀರಿನ ಜನಕ್ಕೆ ಈ ಲೆಕ್ಕ ಹೊಸದಲ್ಲ

ಹಗರಿಬೊಮ್ಮನಹಳ್ಳಿ: ಸಂಡೂರಿನ ದೇವದಾರಿ ಗುಡ್ಡದಲ್ಲಿ 99,330 ಮರ ಕಡಿಯೋ ಮಾತು ಬಂದಾಗಲೆಲ್ಲ ಒಂದು ಸಮಾಧಾನದ ಮಾತೂ ಹಿಂದೆಯೇ ಬರುತ್ತದೆ. ‘ಕಡಿದಿದ್ದಕ್ಕೆ ಬದಲಿಯಾಗಿ ಬೇರೆ ಕಡೆ ಗಿಡ ನೆಡ್ತಾರೆ ಬಿಡ್ರಿ.’ ಕಾಗದದ ಮೇಲೆ ಲೆಕ್ಕ ಸರಿಯಾಗೇ ಇದೆ. ಆದರೆ ‘ಬದಲಿ’ ಅನ್ನೋ ಪದ ಹಂಪಸಾಗರದ ಕಡೆಯವರಿಗೆ ಹೊಸದಲ್ಲ. ಅದರ ರುಚಿ ಈ ಭಾಗ 70 ವರ್ಷದ ಹಿಂದೆಯೇ ನೋಡಿದೆ.

ಮೊದಲು ವಿಷಯ ಏನು ಅಂತ ನೋಡೋಣ. ಸಂಡೂರು ತಾಲ್ಲೂಕಿನ ಸ್ವಾಮಿಮಲೆ ಅರಣ್ಯ ಅಂದರೆ ಕುಮಾರಸ್ವಾಮಿ ದೇವರ ಗುಡ್ಡ. ಬಾದಾಮಿ ಚಾಲುಕ್ಯರ ಕಾಲದ ಪಾರ್ವತಿ ಗುಡಿ, ಅದರ ಪಕ್ಕದಲ್ಲೇ ಕುಮಾರಸ್ವಾಮಿ ಗುಡಿ ಇರೋ ಜಾಗ. ನಮ್ಮ ತಾಲ್ಲೂಕಿನಿಂದಲೂ ಭಕ್ತರು ಹೋಗಿ ಬರ್ತಾರೆ. ಇದೇ ಅರಣ್ಯದ ದೇವದಾರಿ ಭಾಗದಲ್ಲಿ ಕಬ್ಬಿಣದ ಅದಿರು ತೆಗೆಯೋಕೆ ಕೇಂದ್ರ ಸರ್ಕಾರದ ಸಂಸ್ಥೆ ಕೆಐಒಸಿಎಲ್‌ಗೆ 401.57 ಹೆಕ್ಟೇರ್ ಅರಣ್ಯ ಕೊಡೋ ಪ್ರಸ್ತಾವ ಇದು. ವರ್ಷಕ್ಕೆ 20 ಲಕ್ಷ ಟನ್ ಅದಿರು ತೆಗೆಯೋ ಯೋಜನೆ.

2024ರ ಜೂನ್‌ನಲ್ಲಿ ಎಚ್.ಡಿ. ಕುಮಾರಸ್ವಾಮಿ ಕೇಂದ್ರ ಉಕ್ಕು ಸಚಿವರಾದ ಕೂಡಲೇ ಈ ಕಡತಕ್ಕೆ ಸಹಿ ಹಾಕಿದರು. ಅದೇ ತಿಂಗಳು ರಾಜ್ಯದ ಅರಣ್ಯ ಸಚಿವ ಈಶ್ವರ ಖಂಡ್ರೆ, ಕುದುರೆಮುಖದಲ್ಲಿ ಆದ ಅರಣ್ಯ ನಿಯಮ ಉಲ್ಲಂಘನೆಯ ಬಾಕಿ ತೀರೋವರೆಗೂ ಜಾಗ ಹಸ್ತಾಂತರ ಮಾಡಬೇಡಿ ಅಂತ ಅಧಿಕಾರಿಗಳಿಗೆ ಸೂಚಿಸಿದರು. ಕುದುರೆಮುಖದಲ್ಲಿ ಇದೇ ಸಂಸ್ಥೆಯ ಗಣಿ ಸುಪ್ರೀಂ ಕೋರ್ಟ್ ಆದೇಶದಂತೆ 2005ರ ಕೊನೆಗೆ ನಿಂತಿತ್ತು. ಅಲ್ಲಿಂದ ಮಂಗಳೂರಿನ ಘಟಕಕ್ಕೆ ಸ್ವಂತ ಅದಿರಿಲ್ಲ, ನೌಕರರ ಕೆಲಸ ಉಳಿಬೇಕು ಅನ್ನೋದು ಗಣಿ ಪರವಾದ ವಾದ. ಅದೂ ತಳ್ಳಿಹಾಕೋ ಮಾತಲ್ಲ.

ಎಣಿಕೆಗೆ ಸಿಗೋದು, ಸಿಗದಿರೋದು

401 ಹೆಕ್ಟೇರ್ ಅಂದರೆ ಸುಮಾರು 990 ಎಕರೆ. 99,330 ಮರ ಅಂದರೆ ಎಕರೆಗೆ ಹತ್ತಿರಹತ್ತಿರ 100. ಆದರೆ ಅರಣ್ಯದಲ್ಲಿ ಮರ ಎಣಿಸೋದು ಬೊಡ್ಡೆಯ ಸುತ್ತಳತೆ ನೋಡಿ. ಎಳೆ ಸಸಿ, ಪೊದೆ, ಬಳ್ಳಿ, ಹುಲ್ಲು ಯಾವುದೂ ಈ ಲೆಕ್ಕಕ್ಕೆ ಬರೋದಿಲ್ಲ. ಬಂಡೆ ಸಂದಿಯಲ್ಲಿ ಬದುಕೋ ಹಳದಿ ಕೊರಳಿನ ಪಿಕಳಾರ ಹಕ್ಕಿ ದಕ್ಷಿಣ ಭಾರತದ ಕಲ್ಲುಗುಡ್ಡಗಳನ್ನ ಬಿಟ್ಟರೆ ಜಗತ್ತಿನಲ್ಲಿ ಬೇರೆಲ್ಲೂ ಇಲ್ಲ. ಸಂಡೂರಿನ ಗುಡ್ಡಗಳಲ್ಲಿ ಅದು ಇದೆ. ಆ ಹಕ್ಕಿಗೆ ಬೇಕಾಗಿರೋದು ಬಂಡೆ ಮತ್ತು ಹಣ್ಣಿನ ಪೊದೆ. ಬಯಲಲ್ಲಿ ಸಾಲಾಗಿ ನೆಟ್ಟ ಸಸಿಯನ್ನ ಅದು ಏನು ಮಾಡೀತು?

ಅದಿರು ತೆಗೆಯೋದು ಅಂದರೆ ಬರೀ ಮರ ಹೋಗೋದಲ್ಲ, ಗುಡ್ಡದ ಮೇಲ್ಮೈಯೇ ಹೋಗುತ್ತದೆ. ಮಳೆ ನೀರು ಹಿಡಿದು ನಿಧಾನಕ್ಕೆ ಹಳ್ಳಕ್ಕೆ ಬಿಡೋದು ಆ ಮೇಲ್ಮೈಯ ಕೆಲಸ. ಮರಕ್ಕೆ ಬದಲಿ ಮರ ನೆಡಬಹುದು. ಗುಡ್ಡಕ್ಕೆ ಬದಲಿ ಗುಡ್ಡ ಎಲ್ಲಿಂದ ತರೋದು?

ನಮಗೂ ಒಮ್ಮೆ ಬದಲಿ ಕೊಟ್ಟಿದ್ದರು

1953ರಲ್ಲಿ ತುಂಗಭದ್ರಾ ಜಲಾಶಯದಲ್ಲಿ ನೀರು ನಿಂತಾಗ ಸುಮಾರು 90 ಹಳ್ಳಿಗಳು ಮುಳುಗಡೆಗೆ ಸಿಕ್ಕವು. ಹೊಳೆದಂಡೆ ಬಿಟ್ಟು ಎದ್ದ ಕುಟುಂಬಗಳಿಗೆ ಪರಿಹಾರ ಬಂತು, ಹೊಸ ಜಾಗ ಬಂತು. ಎಕರೆಗೆ ಎಕರೆ ಲೆಕ್ಕ ಹಾಕಿದರೂ ಹೊಳೆದಂಡೆಯ ಮಣ್ಣಿಗೂ ಮೇಲಿನ ಮಸಾರಿ ಹೊಲಕ್ಕೂ ಎಷ್ಟು ವ್ಯತ್ಯಾಸ ಅನ್ನೋದನ್ನ ಹಂಪಸಾಗರದ ಹಿರಿಯರ ಹತ್ತಿರ ಕೇಳಿದರೆ ಗೊತ್ತಾಗುತ್ತದೆ. ಡ್ಯಾಂ ಕಟ್ಟಿದ್ದು ತಪ್ಪು ಅಂತಲ್ಲ. ಲಕ್ಷಾಂತರ ಎಕರೆಗೆ ನೀರು ಕೊಟ್ಟಿದೆ. ಆದರೆ ಲೆಕ್ಕದಲ್ಲಿ ಸರಿಹೋದದ್ದು ಬದುಕಿನಲ್ಲಿ ಸರಿಹೋಗಲೇಬೇಕು ಅಂತೇನಿಲ್ಲ ಅನ್ನೋ ಪಾಠ ಈ ಹಿನ್ನೀರಿನ ದಂಡೆಗೆ ಗೊತ್ತು.

ಅಂಕಸಮುದ್ರ ಹೇಳೋದೇನು?

ಇಲ್ಲಿ ಒಂದು ಪ್ರಶ್ನೆ ಬರುತ್ತದೆ. ಅಂಕಸಮುದ್ರ ಕೆರೆಯಲ್ಲಿರೋ ಕರಿಜಾಲಿ ಮರಗಳೂ ಮನುಷ್ಯರೇ ನೆಟ್ಟವು. ಅಲ್ಲಿ ಹಕ್ಕಿ ಬಂದಿಲ್ವಾ? ಬಂದಿವೆ. ಬರೀ 98.76 ಹೆಕ್ಟೇರ್ ಕೆರೆ ಅದು, ಅಂದರೆ ದೇವದಾರಿಗೆ ಕೇಳಿರೋ ಅರಣ್ಯದ ನಾಲ್ಕನೇ ಒಂದು ಪಾಲು. ಅಷ್ಟರಲ್ಲೇ 240 ಬಗೆಯ ಹಕ್ಕಿ ದಾಖಲಾಗಿವೆ. 30,000ಕ್ಕೂ ಹೆಚ್ಚು ನೀರುಹಕ್ಕಿಗಳಿಗೆ ಆಸರೆಯಾಗಿದೆ. 2017ರಲ್ಲಿ ಪಕ್ಷಿ ಸಂರಕ್ಷಣಾ ಮೀಸಲು ಅಂತ ಘೋಷಣೆಯಾಯ್ತು. 2024ರ ಜನವರಿ ಕೊನೆಗೆ ಅಘನಾಶಿನಿ ಮತ್ತು ಮಾಗಡಿ ಕೆರೆ ಜೊತೆ ರಾಮ್ಸಾರ್ ಪಟ್ಟಿಗೂ ಸೇರಿತು.

ಆದರೆ ಅಲ್ಲಿ ಗೆದ್ದಿದ್ದು ಬರೀ ಗಿಡ ಅಲ್ಲ. ಜಾಲಿ ಮರದ ಕೆಳಗೆ ನೀರು ನಿಲ್ಲೋದರಿಂದ ನಾಯಿ, ಬೆಕ್ಕು ಗೂಡಿಗೆ ಹತ್ತೋದಿಲ್ಲ. ಮರಿಗಳಿಗೆ ಬೇಕಾದ ಮೀನು, ಕಪ್ಪೆ, ಹುಳ ಕೆರೆಯಲ್ಲೂ ಸುತ್ತಲಿನ ಗದ್ದೆ, ಹಿನ್ನೀರಿನಲ್ಲೂ ಸಿಗುತ್ತವೆ. ಎಲ್ಲಕ್ಕಿಂತ ಹೆಚ್ಚಾಗಿ, ಊರಿನವರು ಹಕ್ಕಿಗೆ ತೊಂದರೆ ಕೊಡದೆ ಇದ್ದಾರೆ. ಮರ, ನೀರು, ಮೇವು, ಜನ ನಾಲ್ಕೂ ಒಂದೇ ಕಡೆ ಕೂಡಿದ್ದಕ್ಕೆ ಬಣ್ಣದ ಕೊಕ್ಕರೆ ಗೂಡು ಕಟ್ಟಿತು. ಇವತ್ತು ನೆಟ್ಟು ನಾಳೆ ಆಗಿದ್ದಲ್ಲ. ಬೇರೆ ಎಲ್ಲೋ ನೆಟ್ಟು ಇಲ್ಲಿ ಲೆಕ್ಕ ತೋರಿಸಿದ್ದೂ ಅಲ್ಲ.

ಮೀಸಲಿನ ಗಡಿ ಕೆರೆ ಏರಿಗೆ ಮುಗಿಯುತ್ತದೆ, ಹಕ್ಕಿಯ ಊಟ ಮಾತ್ರ ರೈತರ ಹೊಲದಲ್ಲಿದೆ ಅನ್ನೋದನ್ನೂ ಮರೆಯೋ ಹಾಗಿಲ್ಲ. ಗದ್ದೆಗೆ ಹೊಡೆಯೋ ಔಷಧಿ ಹೆಚ್ಚಾದರೆ, ಹಿನ್ನೀರಿನಲ್ಲಿ ಸಣ್ಣ ಕಣ್ಣಿನ ಬಲೆ ಹಾಕಿ ಮರಿಮೀನು ಬಳಿದರೆ, ಕೆರೆಯಲ್ಲಿ ಎಷ್ಟು ಮರ ಇದ್ದರೂ ಹಕ್ಕಿ ಉಳಿಯೋದಿಲ್ಲ. ಕುಮಾರಸ್ವಾಮಿ ಗುಡಿ ವಿಚಾರವೂ ಹೀಗೇ. ಗುಡಿಯಿಂದ ಎಷ್ಟು ದೂರ ಗಣಿ ಇರಬೇಕು ಅಂತ ಅಳತೆ ಮಾಡ್ತಾ ಕೂತರೆ ಗುಡಿ ಉಳಿಯಬಹುದು, ಅದು ನಿಂತಿರೋ ಗುಡ್ಡ ಉಳಿಯುತ್ತಾ?

ಬದಲಿ ಕಾಡು ಎಲ್ಲಿ ಬರುತ್ತದೆ?

ಇದು ನಮ್ಮ ಸುತ್ತಲಿನ ತಾಲ್ಲೂಕುಗಳು ಕೇಳಬೇಕಾದ ಪ್ರಶ್ನೆ. ಅರಣ್ಯ ಹೋದರೆ ಸಾಮಾನ್ಯವಾಗಿ ಅಷ್ಟೇ ವಿಸ್ತೀರ್ಣದ ಅರಣ್ಯೇತರ ಭೂಮಿಯಲ್ಲಿ ಗಿಡ ಬೆಳೆಸಬೇಕು. ಕೇಂದ್ರದ ಸಂಸ್ಥೆಗಳಾದರೆ ಹಾಳಾದ ಅರಣ್ಯದಲ್ಲಿ ಎರಡರಷ್ಟು ಜಾಗದಲ್ಲಿ ನೆಡೋಕೆ ಅವಕಾಶ ಇದೆ. ಕಾಗದದಲ್ಲಿ ‘ಹಾಳಾದ ಅರಣ್ಯ’, ‘ಪಾಳು ಭೂಮಿ’ ಅಂತ ಬರೆದಿರೋ ಜಾಗ ಎಷ್ಟೋ ಕಡೆ ನಿಜವಾಗಿ ಪಾಳಲ್ಲ. ಕುರಿ, ದನ ಮೇಯೋದು ಅಲ್ಲೇ. ಸುತ್ತ ಕಂದಕ ತೋಡಿ ಸಸಿ ನೆಟ್ಟ ಮೇಲೆ ಕುರಿಗಾರರು ಎಲ್ಲಿಗೆ ಹೋಗಬೇಕು?

ಹಕ್ಕಿಗಳಲ್ಲೂ ಬಯಲಿನವೇ ಬೇರೆ. ಗೌಜಲಕ್ಕಿಗೆ, ನೆಲಗುಬ್ಬಿಗೆ ಹುಲ್ಲಿನ ಬಯಲು ಬೇಕು. ಸಿರುಗುಪ್ಪ ಕಡೆ ಬೆರಳೆಣಿಕೆಯಷ್ಟು ಉಳಿದ ಎರ್ಲಡ್ಡು ಹಕ್ಕಿಗೂ ಬಯಲೇ ಬೇಕು. ಅಂಥ ಕಡೆ ಒತ್ತಾಗಿ ಮರ ಬೆಳೆಸಿದರೆ, ಗುಡ್ಡದಲ್ಲಿ ಒಂದು ಕಾಡು ಹೋಗಿ ಬಯಲಲ್ಲಿ ಇನ್ನೊಂದು ಹುಲ್ಲುಗಾವಲು ಹೋದಂತೆ. ನಷ್ಟ ಎರಡು ಕಡೆ, ಲೆಕ್ಕದಲ್ಲಿ ಮಾತ್ರ ಸಮ.

ಲಾರಿ ದುಡ್ಡಿನ ನೆನಪು

ಗಣಿ ಬಂದರೆ ವ್ಯಾಪಾರ ಆಗುತ್ತೆ ಅನ್ನೋ ಅಂಗಡಿಕಾರರೂ ಇದ್ದಾರೆ. ನಿಜ, 2011ಕ್ಕೆ ಮುಂಚಿನ ಕೆಲವು ವರ್ಷ ಹೊಸಪೇಟೆ, ಸಂಡೂರು ಸುತ್ತ ದುಡ್ಡು ಹರಿದಾಡಿತು. ಸಾಲ ಮಾಡಿ ಲಾರಿ ತೆಗೆದವರೆಷ್ಟೋ ಜನ. 2011ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ಬಳ್ಳಾರಿಯ ಗಣಿಗಾರಿಕೆ ನಿಲ್ಲಿಸಿದಾಗ ಲಾರಿ ನಿಂತಲ್ಲೇ ನಿಂತವು, ಕಂತು ಮಾತ್ರ ನಿಲ್ಲಲಿಲ್ಲ. ಗ್ಯಾರೇಜು, ಟೈರ್ ಅಂಗಡಿ, ಹೋಟೆಲ್‌ವರೆಗೂ ಆ ಹೊಡೆತ ಬಿತ್ತು. ಅದಿರು ಒಮ್ಮೆ ತೆಗೆದರೆ ಮುಗೀತು. ಮಳೆ, ಕೆರೆ, ಮೆಕ್ಕೆಜೋಳ, ಈರುಳ್ಳಿ ನಂಬಿದ ಸಂತೆ ದೊಡ್ಡದಲ್ಲದಿರಬಹುದು, ಆದರೆ ವರ್ಷ ವರ್ಷ ಕೂಡುತ್ತದೆ.

2021ರಲ್ಲಿ ವಿಜಯನಗರ ಜಿಲ್ಲೆ ಬೇರೆಯಾಯ್ತು, ಸಂಡೂರು ಬಳ್ಳಾರಿಯಲ್ಲೇ ಉಳೀತು. ಹಾಗಂತ ದೇವದಾರಿ ಪಕ್ಕದ ಜಿಲ್ಲೆಯ ತಕರಾರು ಅಂತ ಸುಮ್ಮನಿರೋಕೆ ಆಗಲ್ಲ. ಮಾಡಬಹುದಾದ ಕೆಲಸಗಳಿವೆ. ನಮ್ಮ ಸುತ್ತಮುತ್ತ ಎಲ್ಲೇ ಬದಲಿ ನೆಡುತೋಪು ಬಂದರೂ ಅದು ಯಾವ ಯೋಜನೆಗೆ, ಯಾವ ಸರ್ವೆ ನಂಬರಿನಲ್ಲಿ ಅಂತ ಗ್ರಾಮ ಸಭೆಯಲ್ಲಿ ಕೇಳಬೇಕು. ಸಂರಕ್ಷಣಾ ಮೀಸಲಿನ ನಿರ್ವಹಣಾ ಸಮಿತಿಯಲ್ಲಿ ಗ್ರಾಮ ಪಂಚಾಯ್ತಿ ಪ್ರತಿನಿಧಿಗೆ ಕಾನೂನಿನಲ್ಲೇ ಜಾಗ ಇದೆ. ಅಂಕಸಮುದ್ರದ ನೀರು, ಮೀನು, ಸುತ್ತಲಿನ ಗದ್ದೆಯ ವಿಚಾರ ಅಲ್ಲಿ ಚರ್ಚೆಗೆ ಬರಬೇಕು. ನೆಟ್ಟ ಸಸಿ ಎಷ್ಟು ಅನ್ನೋದರ ಜೊತೆಗೆ, ಐದು ವರ್ಷದ ಮೇಲೆ ಉಳಿದದ್ದೆಷ್ಟು ಅಂತಲೂ ಕೇಳಬೇಕು.