ಕುಣಿಸಿದವರ ಹೆಸರೂ ಇರಲಿ

ಶುಕ್ರವಾರ ಅಂದ್ರೆ ನಮಗೆ ಹೊಸ ಸಿನಿಮಾ. ಕ್ಲಬ್‌ಗಳಲ್ಲಿ ಹಾಡು ಹಾಕುವ ಡಿಜೆಗಳಿಗೆ ಶುಕ್ರವಾರ ಅಂದ್ರೆ ಹೊಸ ಹಾಡು. 2015ರಿಂದ ಜಗತ್ತಿನ ಬಹುತೇಕ ಕಡೆ ಹೊಸ ಸಂಗೀತ ಬಿಡುಗಡೆಯಾಗುವುದು ಆ ದಿನವೇ. ಅದರಲ್ಲಿ ‘ಹೌಸ್’ ಅನ್ನೋ ಸಂಗೀತವೂ ಇರುತ್ತದೆ. ಹೆಸರು ಕೇಳದಿದ್ದರೂ ಅದರ ಪೆಟ್ಟು ನಿಮಗೆ ಗೊತ್ತು. ಧಮ್ ಧಮ್ ಧಮ್ ಧಮ್ ಅಂತ ಒಂದೇ ಸಮನೆ ಬೀಳುತ್ತದೆ, ನಿಮಿಷಕ್ಕೆ ಸುಮಾರು 120ರಿಂದ 130 ಸಲ. ನಮ್ಮ ಜಾತ್ರೆ, ಗಣಪತಿ ಮೆರವಣಿಗೆಯ ಎಷ್ಟೋ ರೀಮಿಕ್ಸ್‌ಗಳಲ್ಲಿ ಕೇಳುವುದೂ ಇಂಥದ್ದೇ ಪೆಟ್ಟು.

ಈ ಹಾಡುಗಳನ್ನು ಡಿಜೆಗಳಿಗಾಗಿಯೇ ಕಟ್ಟುತ್ತಾರೆ. ಶುರುವಿನಲ್ಲಿ, ಕೊನೆಯಲ್ಲಿ ಬರೀ ತಾಳ ಇಟ್ಟಿರುತ್ತಾರೆ. ಒಂದು ಹಾಡು ಮುಗಿಯುವ ಮೊದಲೇ ಇನ್ನೊಂದನ್ನು ಜೋಡಿಸಬೇಕು, ಕುಣಿಯುವವರ ಕಾಲು ನಿಲ್ಲಬಾರದು. ಆದರೆ ಹೀಗೆ ಜೋಡಿಸುತ್ತಾ ಹೋದಾಗ ಹಾಡು ಮಾಡಿದವರ ಹೆಸರು ಸದ್ದಿಲ್ಲದೆ ಕಳೆದುಹೋಗುತ್ತದೆ. ನನ್ನ ತಕರಾರು ಇರುವುದು ಇಲ್ಲೇ.

ಹೌಸ್ ಹುಟ್ಟಿದ್ದು ಅಮೆರಿಕದ ಶಿಕಾಗೋದಲ್ಲಿ. 1977ರಲ್ಲಿ ಅಲ್ಲಿ ‘ವೇರ್‌ಹೌಸ್’ ಅನ್ನೋ ಕ್ಲಬ್ ಶುರುವಾಯಿತು. ಡಿಜೆ ಫ್ರಾಂಕಿ ನಕಲ್ಸ್. ಕುಣಿಯಲು ಬರುತ್ತಿದ್ದವರಲ್ಲಿ ಹೆಚ್ಚಿನವರು ಬೇರೆ ಕಡೆ ಮರ್ಯಾದೆ ಸಿಗದ ಕಪ್ಪು ಜನ, ಸಲಿಂಗಿಗಳು. ರೆಕಾರ್ಡ್ ಅಂಗಡಿಗೆ ಬಂದವರು ‘ವೇರ್‌ಹೌಸ್‌ನಲ್ಲಿ ಹಾಕ್ತಾರಲ್ಲ, ಅದು ಕೊಡಿ’ ಅಂತ ಕೇಳಿ ಕೇಳಿ ‘ಹೌಸ್’ ಅನ್ನೋ ಹೆಸರು ಬಂತಂತೆ. ಜಾಗದ ಹೆಸರು ಉಳಿಯಿತು. ಜನರ ಹೆಸರು?

ಅದೇ ಊರಿನ ಲ್ಯಾರಿ ಹರ್ಡ್ 1986ರಲ್ಲಿ ಮಾಡಿದ ‘ಕ್ಯಾನ್ ಯು ಫೀಲ್ ಇಟ್’ ಹಾಡನ್ನು ಡಿಜೆಗಳು ಇವತ್ತಿಗೂ ಹಾಕುತ್ತಾರೆ. ಆದರೆ ತಮ್ಮ ಹಳೆಯ ಹಾಡುಗಳಿಗೆ ಬರಬೇಕಾದ ದುಡ್ಡು ಬಂದಿಲ್ಲ ಅಂತ ಹರ್ಡ್ ಮತ್ತು ಗಾಯಕ ರಾಬರ್ಟ್ ಓವೆನ್ಸ್ 2020ರಲ್ಲಿ ಕಂಪನಿಯ ಮೇಲೆ ಕೇಸು ಹಾಕಬೇಕಾಯಿತು. 2022ರಲ್ಲಿ ರಾಜಿಯಾಗಿ ಹಾಡುಗಳ ಹಕ್ಕು ಅವರ ಕೈಗೆ ವಾಪಸ್ ಬಂತು. ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ಕಾಯಬೇಕಾಯಿತು ನೋಡಿ.

ಹೆಸರು ಉಳಿದರೆ ಏನಾಗುತ್ತದೆ ಅನ್ನೋದಕ್ಕೆ ನಮ್ಮ ದೇಶದಲ್ಲೇ ಒಂದು ಉದಾಹರಣೆ ಇದೆ. ಹಿಂದಿ ಸಿನಿಮಾ ಹಾಡುಗಳಿಗೆ ವಾದ್ಯ ನುಡಿಸುತ್ತಿದ್ದ ಚರಣ್‌ಜಿತ್ ಸಿಂಗ್ 1982ರಲ್ಲಿ ಭೈರವ, ಯಮನ್ ಸೇರಿ ಹತ್ತು ರಾಗಗಳನ್ನು ತಾಳಯಂತ್ರಕ್ಕೆ ಕೂರಿಸಿ ಒಂದು ರೆಕಾರ್ಡ್ ಮಾಡಿದರು. ಆಗ ಯಾರೂ ಅದನ್ನು ಅಷ್ಟಾಗಿ ಕೇಳಲಿಲ್ಲ. 1987ರಲ್ಲಿ ಶಿಕಾಗೋದ ಹುಡುಗರು ‘ಆಸಿಡ್ ಹೌಸ್’ ಅಂತ ಹೆಸರಾಗಿದ್ದು ಅವರು ಬಳಸಿದ್ದ ಟಿಬಿ-303 ಯಂತ್ರದಿಂದಲೇ. 2010ರಲ್ಲಿ ಆ ಹಳೆ ರೆಕಾರ್ಡ್ ಮತ್ತೆ ಬಿಡುಗಡೆಯಾದಾಗ ಡಿಜೆಗಳು ಬೆರಗಾದರು. ರೆಕಾರ್ಡಿನ ಮೇಲೆ ಹೆಸರಿತ್ತು, ಹಾಗಾಗಿ ಹುಡುಕಿಕೊಂಡು ಬಂದರು. 2015ರಲ್ಲಿ ತೀರಿಕೊಳ್ಳುವ ಮೊದಲು ಅವರು ಯುರೋಪಿನ ವೇದಿಕೆಗಳಲ್ಲಿ ನುಡಿಸಿ ಬಂದರು.

ಈಗ ನಮ್ಮ ಕಡೆ ಬನ್ನಿ. ಜಾನಪದ ಹಾಡಿಗೆ ಧಮ್ ಧಮ್ ಸೇರಿಸಿದ ಡಿಜೆ ಸಾಂಗ್ ನಿಮ್ಮ ಮೊಬೈಲ್‌ನಲ್ಲೂ ಇರಬಹುದು. ನಡುನಡುವೆ ಮಿಕ್ಸ್ ಮಾಡಿದವರ ಹೆಸರು ಕೂಗುತ್ತದೆ. ಹಾಡಿದವರು ಯಾರು? ಬರೆದವರು ಯಾರು? ಎಷ್ಟೋ ಫೈಲ್‌ಗಳಲ್ಲಿ ಅದಿಲ್ಲ.

‘ಕುಣಿಯೋರಿಗೆ ಹೆಸರು ಯಾಕ್ರೀ?’ ಅಂತ ಕೇಳುವವರಿದ್ದಾರೆ. ಕುಣಿಯುವಾಗ ಬೇಡ, ನಿಜ. ದುಡ್ಡು ಹಂಚುವಾಗ, ಮುಂದಿನ ಜಾತ್ರೆಗೆ ಹಾಡಲು ಕರೆಯುವಾಗ ಬೇಕು. ಹೆಸರಿಲ್ಲದವರನ್ನು ಯಾರು ಕರೆಯುತ್ತಾರೆ?

ನನಗೆ ಇದು ಚುಚ್ಚುವುದಕ್ಕೆ ಕಾರಣವಿದೆ. ನಾನು ಸ್ಟ್ರಿಂಗರ್. ಬಿಸಿಲಲ್ಲಿ ಬೈಕ್ ಓಡಿಸಿ ತಂದ ಸುದ್ದಿ ಬೆಳಿಗ್ಗೆ ‘ನಮ್ಮ ಪ್ರತಿನಿಧಿಯಿಂದ’ ಅಂತ ಬರುತ್ತದೆ. ‘ಇದು ನೀ ಬರದದ್ದೇನಪಾ? ನಿನ್ನ ಹೆಸರೇ ಇಲ್ಲಲ್ಲ’ ಅಂತ ಅವ್ವ ಕೇಳಿದಾಗ ಏನು ಹೇಳಲಿ?

ಹಾಗಾಗಿ ಒಂದು ಮಾತು. ರೀಮಿಕ್ಸ್ ಮಾಡುವ ತಮ್ಮಂದಿರೇ, ಮೊದಲು ಹಾಡಿದವರನ್ನು ಕೇಳಿ, ಆಮೇಲೆ ಫೈಲಿನ ಹೆಸರಲ್ಲಿ ನಿಮ್ಮ ಹೆಸರಿನ ಪಕ್ಕ ಅವರ ಹೆಸರನ್ನೂ ಹಾಕಿ. ಫಾರ್ವರ್ಡ್ ಮಾಡುವವರೇ, ಹಾಡು ಯಾರದ್ದು ಅಂತ ಒಂದು ಸಾಲು ಬರೆದು ಕಳಿಸಿ. ಖರ್ಚು ಏನೂ ಇಲ್ಲ. ಕುಣಿತವೂ ನಿಲ್ಲುವುದಿಲ್ಲ.