ಸಣ್ಣ ಮನೆಗೆ ದೊಡ್ಡ ಇನ್ವರ್ಟರೇಕೆ?

ಬಿಸಿಲಿಗೆ ನಮ್ಮ ನಾಡಿನಲ್ಲಿ ಬರವಿಲ್ಲ. ಹಣಕ್ಕೆ ಮಾತ್ರ ಉಂಟು. ಸೌರಫಲಕವೊಂದನ್ನು ಮಾಡಿನ ಮೇಲೇರಿಸಿ, ಕರೆಂಟು ಹೋದ ರಾತ್ರಿಯೂ ನಾಲ್ಕು ದೀಪ, ಒಂದು ಫ್ಯಾನು ನಡೆದರೆ ಸಾಕೆಂದು ಬಯಸುವ ಸಾಮಾನ್ಯ ಸಂಸಾರವು ಅಂಗಡಿಗೆ ಹೋದರೆ ಅಲ್ಲಿ ಕೇಳಿಬರುವ ಸಲಹೆ ಬಹುಮಟ್ಟಿಗೆ ಒಂದೇ: "ಹೇಗೂ ಕೊಳ್ಳುತ್ತೀರಿ, ಸ್ವಲ್ಪ ದೊಡ್ಡದನ್ನೇ ಕೊಂಡುಬಿಡಿ, ಮುಂದಕ್ಕೆ ಬೇಕಾದೀತು." ಫಲಕದ ವಿಷಯದಲ್ಲಿ ಈ ಮಾತು ಒಪ್ಪತಕ್ಕದ್ದೇ. ಇನ್ವರ್ಟರಿನ ವಿಷಯದಲ್ಲಿ ಇದು ತಪ್ಪು ಸಲಹೆಯೆಂಬುದು ನಮ್ಮ ಅಭಿಪ್ರಾಯ. ಏಕೆಂಬುದನ್ನು ವಿಚಾರಿಸೋಣ.

ಫಲಕದಿಂದಲೂ ಬ್ಯಾಟರಿಯಿಂದಲೂ ದೊರೆಯುವುದು ಒಂದೇ ದಿಕ್ಕಿಗೆ ಹರಿಯುವ ನೇರ ವಿದ್ಯುತ್ಪ್ರವಾಹ. ನಮ್ಮ ಮನೆಯ ಉಪಕರಣಗಳಿಗೆ ಬೇಕಾದದ್ದು 230 ವೋಲ್ಟಿನ, ಸೆಕೆಂಡಿಗೆ 50 ಆವರ್ತಗಳ ಪರ್ಯಾಯ ಪ್ರವಾಹ. ಮೊದಲನೆಯದನ್ನು ಎರಡನೆಯದಾಗಿ ಮಾರ್ಪಡಿಸುವುದೇ ಇನ್ವರ್ಟರಿನ ಕೆಲಸ. ಈ ಸೇವೆಯನ್ನು ಅದು ಪುಕ್ಕಟೆಯಾಗಿ ಮಾಡುವುದಿಲ್ಲ. ಒಂದು ದೀಪವೂ ಉರಿಯದಿರುವಾಗಲೂ ಅದರೊಳಗಿನ ಟ್ರಾನ್ಸ್‌ಫಾರ್ಮರು ಮತ್ತು ಸ್ವಿಚ್ಚುಗಳು ಎಚ್ಚರವಾಗಿದ್ದು, ಬ್ಯಾಟರಿಯಿಂದ ಅಷ್ಟಿಷ್ಟು ಶಕ್ತಿಯನ್ನು ಹೀರುತ್ತಲೇ ಇರುವುವು. ದೊಡ್ಡ ಯಂತ್ರಕ್ಕೆ ಈ ಹಸಿವು ಸಾಮಾನ್ಯವಾಗಿ ದೊಡ್ಡದು. ಬೆಲೆಯ ಚೀಟಿಯಲ್ಲಿ ಇದನ್ನು ಯಾರೂ ಬರೆಯುವುದಿಲ್ಲ!

ವಿದ್ಯುತ್ ಕಂಬ ತಲುಪದ ಒಂದು ತೋಟದ ಮನೆಯನ್ನು ಊಹಿಸಿಕೊಳ್ಳಿ. ಅಲ್ಲಿ 165 ವ್ಯಾಟಿನ ಒಂದು ಫಲಕವಿದೆ. ಮಳೆಗಾಲವನ್ನು ಬಿಟ್ಟರೆ, ನಮ್ಮಲ್ಲಿ ದಿನಕ್ಕೆ ಸುಮಾರು 5 ಗಂಟೆಗಳ ಪೂರ್ಣ ಬಿಸಿಲೆಂದು ಲೆಕ್ಕ ಹಿಡಿಯಬಹುದು, 825 ವ್ಯಾಟ್-ಗಂಟೆಗಳಾದುವು. ಕಾವು, ಧೂಳು, ಬ್ಯಾಟರಿ ಹಾಗೂ ಪರಿವರ್ತನೆಯ ನಷ್ಟಕ್ಕೆಂದು ನೂರಕ್ಕೆ 30ನ್ನು ಕಳೆದರೆ ಕೈಗೆ ಬರುವುದು ಸುಮಾರು 575. ಇದರಲ್ಲಿ 9 ವ್ಯಾಟಿನ ನಾಲ್ಕು ಎಲ್‌ಇಡಿ ದೀಪಗಳು 4 ಗಂಟೆ ಉರಿಯಲು 144 ಬೇಕು. 30 ವ್ಯಾಟಿನ ಬಿಎಲ್‌ಡಿಸಿ ಫ್ಯಾನು ರಾತ್ರಿ 8 ಗಂಟೆ ತಿರುಗಲು 240. ಒಟ್ಟು 384. ಉಳಿದದ್ದು 191. ಇನ್ವರ್ಟರಿನ ಖಾಲಿ ಹೊಟ್ಟೆಯ ಖರ್ಚು 15 ವ್ಯಾಟ್ ಆಗಿದ್ದು, ಅದನ್ನು ಸಂಜೆಯಿಂದ ಬೆಳಗಿನವರೆಗೆ 10 ಗಂಟೆ ಮಾತ್ರ ನಡೆಸಿದರೆ 150 ತಗಲುವುದು, ಸಂಸಾರ ತೂಗಿತು. ಹಗಲೂ ರಾತ್ರಿ ನಡೆಸಿದರೆ 360; ಸಂಸಾರ ಮುಗ್ಗರಿಸಿತು. "ಮುಂದಕ್ಕೆ ಬೇಕಾದೀತು" ಎಂದು 30 ವ್ಯಾಟ್ ನುಂಗುವ ದೊಡ್ಡ ಯಂತ್ರವನ್ನು ತಂದು ಆರಿಸದೆ ಬಿಟ್ಟರೋ, ದಿನಕ್ಕೆ 720! ಮನೆಯಲ್ಲಿ ಒಂದು ದೀಪವನ್ನೂ ಹೊತ್ತಿಸದಿದ್ದರೂ ಬ್ಯಾಟರಿ ಬರಿದಾಗುವುದು. ಪರೀಕ್ಷೆಯ ಕಾಲದಲ್ಲಿ ರಾತ್ರಿ ಒಂಬತ್ತಕ್ಕೆ ದೀಪ ನಂದಿದಾಗ ಮನೆಯವರು ಫಲಕವನ್ನೋ ಬ್ಯಾಟರಿಯನ್ನೋ ಬಯ್ಯುತ್ತಾರೆ.

ಇದೇ ಲೆಕ್ಕದಲ್ಲಿ ಬಿಎಲ್‌ಡಿಸಿಗೆ ಬದಲು 75 ವ್ಯಾಟಿನ ಹಳೆಯ ಫ್ಯಾನನ್ನು ಇಟ್ಟು ನೋಡಿ: 8 ಗಂಟೆಗೆ ಅದೊಂದೇ 600 ಕೇಳುವುದು. ಇನ್ವರ್ಟರಿಗೆ ಸುರಿಯುವ ಹೆಚ್ಚಿನ ಹಣವನ್ನು ಫ್ಯಾನಿಗೆ ಹಾಕುವುದೇ ಜಾಣತನ.

ಹಾಗೆಂದು ಅತ್ಯಂತ ಅಗ್ಗದ ಪೆಟ್ಟಿಗೆಯನ್ನು ಆರಿಸಿರೆಂದು ನಾವು ಹೇಳುವುದಿಲ್ಲ. ಅಗ್ಗದ ಇನ್ವರ್ಟರು ಕೊಡುವುದು ಚೌಕಾಕಾರದ ಅಲೆ. "ಮಾರ್ಪಡಿಸಿದ ಸೈನ್" ಎಂದು ಹೆಸರಿಟ್ಟು ಮಾರುವುದೂ ಇದರ ದಾಯಾದಿಯೇ. ಮಾರ್ಪಟ್ಟದ್ದು ಚೌಕವೇ ಹೊರತು ಸೈನ್ ಅಲ್ಲ. ಆವರ್ತಿಸುವ ಯಾವ ಅಲೆಯನ್ನಾದರೂ ಸೈನ್ ಅಲೆಗಳ ಮೊತ್ತವಾಗಿ ಬಿಡಿಸಬಹುದೆಂಬ ವಿಚಾರವನ್ನು ಫ್ರಾನ್ಸಿನ ಫೂರ್ಯೇ 1822ರ ತನ್ನ ಗ್ರಂಥದಲ್ಲಿ ವಿಸ್ತರಿಸಿದನಷ್ಟೆ. ಆ ರೀತಿ ಬಿಡಿಸಿದರೆ 50 ಆವರ್ತಗಳ ಚೌಕ ಅಲೆಯೊಳಗೆ 150ರದು ಮೂರನೆಯ ಒಂದು ಪಾಲು, 250ರದು ಐದನೆಯ ಒಂದು ಪಾಲು, ಹೀಗೆ ಕರೆಯದೆ ಬಂದ ನೆಂಟರ ಸಾಲೇ ಕಾಣುವುದು. ಎಲ್‌ಇಡಿ ದೀಪ ಇವರನ್ನು ಬಹುಮಟ್ಟಿಗೆ ಸಹಿಸೀತು. ಹಳೆಯ ಮಾದರಿಯ ಫ್ಯಾನಿನ ಮೋಟಾರಿನಲ್ಲಿ ಇವರು ಗುಂಯ್‌ಗುಡುವ ಸದ್ದನ್ನೂ ಕಾವನ್ನೂ ಹೆಚ್ಚಿಸುತ್ತಾರೆಯೇ ಹೊರತು ತಿರುಗುವ ಕೆಲಸಕ್ಕೆ ಒದಗುವುದಿಲ್ಲ. ಆದುದರಿಂದ ಗಾತ್ರದಲ್ಲಿ ಚಿಕ್ಕದು, ಅಲೆಯಲ್ಲಿ ಶುದ್ಧ ಸೈನ್. ನಮ್ಮ ಆಯ್ಕೆ ಇದು.

ಮಿಕ್ಸರು, ಇಸ್ತ್ರಿಪೆಟ್ಟಿಗೆ, ನೀರೆತ್ತುವ ಪಂಪು, ಇವುಗಳನ್ನು ಈ ಪಂಕ್ತಿಯಲ್ಲಿ ಕೂರಿಸಬಾರದು. ಪಂಪಿನ ಮೋಟಾರು ಹೊರಡುವ ಕ್ಷಣದಲ್ಲಿ ತನ್ನ ನಿತ್ಯದ ಐದಾರು ಪಟ್ಟು ಪ್ರವಾಹವನ್ನು ಎಳೆಯಬಲ್ಲುದು. ಆ ಒಂದು ಕ್ಷಣಕ್ಕಾಗಿ ವರ್ಷವಿಡೀ ದೊಡ್ಡ ಇನ್ವರ್ಟರನ್ನು ಸಾಕುವುದು ಕಡುಬಡವನು ಆನೆ ಕಟ್ಟಿದಂತೆ. ಪೆಟ್ಟಿಗೆಯ ಮೇಲಿನ ಅಂಕಿ ವೋಲ್ಟ್-ಆಂಪಿಯರಿನದು, ವ್ಯಾಟಿನದಲ್ಲ ಎಂಬುದೂ ಗಮನದಲ್ಲಿರಲಿ. ವ್ಯಾಟಿನಲ್ಲಿ ಅದು ಹೊರುವ ಭಾರ ಸಾಮಾನ್ಯವಾಗಿ ಕಡಿಮೆ.

ಫಲಕಕ್ಕೂ ಇನ್ವರ್ಟರಿಗೂ ಹೊಂದಾಣಿಕೆ ನೋಡದಿದ್ದರೆ ಇನ್ನೊಂದು ಸೋರಿಕೆಯುಂಟು. ಅಗ್ಗದ ಸೌರ ಇನ್ವರ್ಟರಿನಲ್ಲಿರುವ ಪಿಡಬ್ಲ್ಯುಎಂ ನಿಯಂತ್ರಕವು ಫಲಕದ ವೋಲ್ಟೇಜನ್ನು ಬ್ಯಾಟರಿಯ ಮಟ್ಟಕ್ಕೆ ಎಳೆದುಬಿಡುವುದು. 36 ಕೋಶಗಳ, ಸುಮಾರು 18 ವೋಲ್ಟಿನ ಫಲಕವಾದರೆ 12 ವೋಲ್ಟಿನ ಬ್ಯಾಟರಿಗೆ ಈ ನಷ್ಟ ಸಹ್ಯ. ವ್ಯಾಟಿನ ಲೆಕ್ಕದಲ್ಲಿ ಅಗ್ಗವೆಂದು 60 ಕೋಶಗಳ, 30 ವೋಲ್ಟಿಗೆ ಮೀರಿದ ಫಲಕವನ್ನು ಅದಕ್ಕೇ ಕಟ್ಟಿದರೆ ಅರ್ಧಕ್ಕಿಂತ ಹೆಚ್ಚು ಶಕ್ತಿ ಹಾಳು. ಅಂಥ ಫಲಕಕ್ಕೆ ಎಂಪಿಪಿಟಿ ನಿಯಂತ್ರಕವೇ ಬೇಕು.

ಇನ್ನು, ದೀಪವೇ ಮುಖ್ಯವಾದ ಮನೆಗೆ ಇನ್ವರ್ಟರು ಬೇಕೇಬೇಕೆ? ಬೇಕಿಲ್ಲ. 1995ರಲ್ಲಿ ಸ್ಥಾಪನೆಯಾದ ಬೆಂಗಳೂರಿನ ಸೆಲ್ಕೋ ಸಂಸ್ಥೆಯು ನಮ್ಮ ಹಳ್ಳಿಗಳಿಗೆ ಒಯ್ದ ಗೃಹದೀಪಗಳು ಬ್ಯಾಟರಿಯಿಂದ ನೇರವಾಗಿ ಉರಿಯುವಂಥವು. ನೇರ ಪ್ರವಾಹದಿಂದಲೇ ನಡೆಯುವ ಫ್ಯಾನುಗಳೂ ಇಂದು ಸಿಗುತ್ತವೆ. ತಂತಿ ದಪ್ಪವಾಗಿರಬೇಕು, ಉದ್ದ ಕಡಿಮೆಯಿರಬೇಕು. ಒಂದೆರಡು ಕೋಣೆಯ ಮನೆಗೆ ಅದೇನೂ ಕಷ್ಟವಲ್ಲ.

2024ರಲ್ಲಿ ಆರಂಭವಾದ ಪಿಎಂ ಸೂರ್ಯಘರ್ ಯೋಜನೆಯ ಸಹಾಯಧನವನ್ನು ಕೇಳಿ ಕೆಲವರು, "ಅದನ್ನೇ ಹಾಕಿಸಿದರಾಯಿತಲ್ಲ, ಕರೆಂಟು ಹೋದರೂ ಚಿಂತೆಯಿಲ್ಲ" ಎನ್ನುತ್ತಾರೆ. ಬಿಲ್ಲು ಇಳಿಸಲು ಅದು ಒಳ್ಳೆಯದು, ಸಂದೇಹವಿಲ್ಲ. ಆದರೆ ಗ್ರಿಡ್ಡಿಗೆ ಜೋಡಿಸಿದ, ಬ್ಯಾಟರಿಯಿಲ್ಲದ ಸಾಧಾರಣ ಇನ್ವರ್ಟರು ಊರಿನ ಕರೆಂಟು ಹೋದೊಡನೆ ತಾನೂ ನಿಲ್ಲುವುದು. ಕಂಬವೇರಿ ತಂತಿ ಮುಟ್ಟುವ ಲೈನ್‌ಮನ್ನನ ಪ್ರಾಣ ಉಳಿಸಲೆಂದೇ ಹಾಗೆ ಮಾಡಿರುವುದು. ನೆತ್ತಿಯ ಮೇಲೆ ಸುಡುಬಿಸಿಲು, ಮನೆಯೊಳಗೆ ನಿಂತ ಫ್ಯಾನು!

ಮನೆಯಲ್ಲಿ ಈಗಾಗಲೇ ಇನ್ವರ್ಟರಿರುವ ವಿದ್ಯಾರ್ಥಿಗಳು ಅದರ ಹಸಿವನ್ನು ಅಳೆದು ನೋಡಬಹುದು. ನೇರ ಪ್ರವಾಹವನ್ನೂ ಅಳೆಯಬಲ್ಲ ಕ್ಲಾಂಪ್ ಮೀಟರೊಂದನ್ನು ಭೌತವಿಜ್ಞಾನದ ಉಪಾಧ್ಯಾಯರಿಂದಲೋ ಪರಿಚಿತ ಎಲೆಕ್ಟ್ರಿಶಿಯನ್ನನಿಂದಲೋ ಪಡೆಯಿರಿ. ತಂತಿಯನ್ನು ಬಿಚ್ಚುವ ಗೊಡವೆಗೆ ಹೋಗದಿರಿ. ಊರಿನ ಕರೆಂಟಿನ ಸಂಪರ್ಕವನ್ನು ತಪ್ಪಿಸಿ, ದೀಪ ಫ್ಯಾನುಗಳನ್ನೆಲ್ಲ ಆರಿಸಿ, ಇನ್ವರ್ಟರನ್ನು ಮಾತ್ರ ಚಾಲೂ ಇಟ್ಟು, ಅದಕ್ಕೆ ಬ್ಯಾಟರಿಯಿಂದ ಹೋಗುವ ಒಂದು ತಂತಿಗೆ ಮಾತ್ರ ಮೀಟರಿನ ಕೊಂಡಿ ಹಾಕಿರಿ. 1.2 ಆಂಪಿಯರ್ ತೋರಿಸಿದರೆ, 12 ವೋಲ್ಟಿನಿಂದ ಗುಣಿಸಿ: 14.4 ವ್ಯಾಟ್. ಅದನ್ನು 24ರಿಂದ ಗುಣಿಸಿದ ಮೊತ್ತವನ್ನು ಮನೆಯ ಹಿರಿಯರಿಗೆ ತೋರಿಸಿರಿ.