ಕಡಲಿನಿಂದ ಒಲೆಗೆ

ರಾಜಾಜಿನಗರದ ಅಡ್ಡರಸ್ತೆಯೊಂದರಲ್ಲಿ ಬೆಳಗಿನ ಹೊತ್ತು ಸಿಲಿಂಡರುಗಳನ್ನು ಹೇರಿಕೊಂಡ ಗಾಡಿ ಬಂದು ನಿಲ್ಲುತ್ತದೆ. ಆಳು ತುಂಬಿದ ಸಿಲಿಂಡರನ್ನು ಭುಜದ ಮೇಲಿಟ್ಟುಕೊಂಡು ಎರಡನೆಯ ಮಹಡಿಗೆ ಏರುತ್ತಾನೆ. ಖಾಲಿಯಾದುದನ್ನು ಸದ್ದು ಮಾಡುತ್ತ ಕೆಳಗಿಳಿಸುತ್ತಾನೆ. ಮನೆಯವರು ಹಣ ಕೊಟ್ಟು ಬಾಗಿಲು ಹಾಕಿಕೊಳ್ಳುತ್ತಾರೆ. ಅವರ ಮಟ್ಟಿಗೆ ಅನಿಲದ ಕಥೆ ಅಲ್ಲಿಗೆ ಮುಗಿಯಿತು. ಸಮುದ್ರಮಟ್ಟದಿಂದ ಸುಮಾರು 900 ಮೀಟರು ಎತ್ತರದಲ್ಲಿ, ಮಂಗಳೂರಿನಿಂದ ಮುನ್ನೂರು ಕಿಲೋಮೀಟರಿಗೂ ಹೆಚ್ಚು ದೂರದಲ್ಲಿರುವ ಆ ಮನೆಯ ಒಲೆಗೂ ಅರಬ್ಬೀ ಸಮುದ್ರದ ಹಡಗಿಗೂ ಸಂಬಂಧವುಂಟೆಂದು ಹೇಳಿದರೆ ಅವರಲ್ಲಿ ಅನೇಕರು ನಗಬಹುದು.

ಆದರೂ ಸಂಬಂಧವುಂಟು. ಭಾರತದಲ್ಲಿ ಉರಿಯುವ ಅಡುಗೆ ಅನಿಲದಲ್ಲಿ ಅರ್ಧಕ್ಕಿಂತ ಹೆಚ್ಚು ಪಾಲು ಹೊರದೇಶಗಳಿಂದ ಹಡಗಿನಲ್ಲಿ ಬರುವಂಥದು. ಕರ್ನಾಟಕದ ಪಾಲಿಗೆ ಅದರ ಹೆಬ್ಬಾಗಿಲು ನವಮಂಗಳೂರು ಬಂದರು. ಅಲ್ಲಿಂದ ಹಾಸನ, ಮೈಸೂರುಗಳನ್ನು ಮುಟ್ಟಿ ಬೆಂಗಳೂರಿನ ಪಶ್ಚಿಮಕ್ಕಿರುವ ಸೋಲೂರಿನವರೆಗೆ ನೆಲದೊಳಗೆ 356 ಕಿಲೋಮೀಟರು ಉದ್ದದ ಕೊಳವೆಯೊಂದು ಬಂದಿದೆ. ಹೆದ್ದಾರಿಯ ಮೇಲೆ ಟ್ಯಾಂಕರು ಲಾರಿಗಳೂ ಬರುತ್ತವೆ. ವಿಜಯನಗರ, ಬಸವೇಶ್ವರನಗರಗಳ ಒಲೆಗಳು ಈ ಉದ್ದವಾದ ದಾರಿಯ ಕೊನೆಯ ತುದಿಯಲ್ಲಿವೆ. ದಾರಿಯ ನಡುವೆ ವಾಸಮಾಡುವವರ ಚಿಂತೆ ತುದಿಯಲ್ಲಿರುವವರಿಗೆ ಸೇರಿದ್ದೆ, ಅಲ್ಲವೆ ಎಂಬುದೇ ಇಲ್ಲಿ ವಿಚಾರಮಾಡಬೇಕಾದ ಪ್ರಶ್ನೆ.

ಅನಿಲವನ್ನು ಹಳಿಯುವುದು ಸುಲಭ. ಹೊಗೆಯನ್ನು ಮರೆತವರಿಗೆ ಇನ್ನೂ ಸುಲಭ. ಇದೇ ಬಡಾವಣೆಗಳಲ್ಲಿ ಒಂದು ಕಾಲಕ್ಕೆ ಸೌದೆ ಡಿಪೋಗಳಿದ್ದುವು. ಹಸಿ ಸೌದೆಯನ್ನು ಊದಿ ಊದಿ ಕಣ್ಣು ಕೆಂಪಾಗಿಸಿಕೊಂಡ ತಾಯಂದಿರು, ಮರದ ಹೊಟ್ಟನ್ನು ಒತ್ತಿ ತುಂಬಿ ಉರಿಸುತ್ತಿದ್ದ ಒಲೆ, ಸೀಮೆಎಣ್ಣೆಗಾಗಿ ಡಬ್ಬಗಳ ಸಾಲು, ಇವೆಲ್ಲ ಹಿರಿಯರ ನೆನಪಿನಲ್ಲಿ ಇನ್ನೂ ಇವೆ. ಅನಿಲ ಬಂದುದರಿಂದ ಅಡುಗೆಮನೆಯ ಗೋಡೆ ಬೆಳ್ಳಗಾಯಿತು, ಕಾಡಿಗೂ ಕೊಂಚ ಉಸಿರಾಡುವುದಕ್ಕೆ ಬಿಡುವು ದೊರೆಯಿತು. ಈ ಉಪಕಾರವನ್ನು ಅಲ್ಲಗಳೆಯುವುದು ನ್ಯಾಯವಲ್ಲ.

ಅನಿಲದ ಸ್ವಭಾವವೇ ಹರಡಿಕೊಳ್ಳುವುದು. ಇದ್ದ ಹಾಗೆಯೇ ಅದನ್ನು ಹಡಗಿಗೆ ತುಂಬಿದರೆ ಅಷ್ಟು ದೊಡ್ಡ ಹಡಗು ಸಾಗಿಸುವುದು ಬಹಳ ಸ್ವಲ್ಪ. ಆದ್ದರಿಂದ ಅದನ್ನು ಕುಗ್ಗಿಸಬೇಕು. ಕುಗ್ಗಿಸುವುದಕ್ಕೆ ಇರುವ ಉಪಾಯಗಳು ಎರಡು: ಒತ್ತುವುದು, ಇಲ್ಲವೆ ತಂಪುಮಾಡುವುದು. ಸಿಲಿಂಡರಿನಲ್ಲಿರುವ ಪ್ರೊಪೇನು, ಬ್ಯೂಟೇನುಗಳು ಒಳ್ಳೆಯ ಸ್ವಭಾವದವು. ಸಾಧಾರಣ ಉಷ್ಣತೆಯಲ್ಲಿಯೇ ಒತ್ತಡಕ್ಕೆ ಮಣಿದು ದ್ರವವಾಗುತ್ತವೆ, ಸುಮಾರು 250 ಲೀಟರಿನಷ್ಟು ಇದ್ದುದು ಒಂದು ಲೀಟರಿಗೆ ಇಳಿಯುತ್ತದೆ. ಮನೆಬಳಕೆಯ ಸಿಲಿಂಡರಿನಲ್ಲಿ 14.2 ಕಿಲೋಗ್ರಾಂ ಹಿಡಿಸುವುದು ಇದರಿಂದಲೇ. ದೊಡ್ಡ ಹಡಗುಗಳಲ್ಲಾದರೋ ಒತ್ತಡವನ್ನು ತಾಳುವ ದಪ್ಪ ಗೋಡೆಯ ತೊಟ್ಟಿಗಳು ಬಹಳ ಭಾರವಾಗುವುದರಿಂದ ಇದೇ ಅನಿಲವನ್ನು ಸೊನ್ನೆಗಿಂತ ಕೆಳಗೆ ಸುಮಾರು 45 ಡಿಗ್ರಿಯವರೆಗೆ ತಂಪುಮಾಡಿ ಒಯ್ಯುತ್ತಾರೆ.

ನೈಸರ್ಗಿಕ ಅನಿಲ, ಎಂದರೆ ಮೀಥೇನು, ಅಷ್ಟು ಸುಲಭವಾಗಿ ಮಾತು ಕೇಳುವುದಿಲ್ಲ. ಸಾಧಾರಣ ಉಷ್ಣತೆಯಲ್ಲಿ ಎಷ್ಟು ಒತ್ತಿದರೂ ಅದು ದ್ರವವಾಗದು. ಆಟೋರಿಕ್ಷಾಗಳಲ್ಲಿ ಉರಿಯುವ ಸಿ.ಎನ್‌.ಜಿ. ವಾತಾವರಣದ ಒತ್ತಡದ ಸುಮಾರು 200 ಪಟ್ಟು ಒತ್ತಡಕ್ಕೆ ಒಳಗಾಗಿಯೂ ಅನಿಲವಾಗಿಯೇ ಉಳಿದಿರುತ್ತದೆ. ಅದನ್ನು ದ್ರವಮಾಡಬೇಕಾದರೆ ಸೊನ್ನೆಗಿಂತ 162 ಡಿಗ್ರಿ ಕೆಳಗೆ ಇಳಿಸಬೇಕು. ಆಗ ಅದರ ಗಾತ್ರ ಆರುನೂರರಲ್ಲಿ ಒಂದು ಪಾಲಾಗುತ್ತದೆ. ಇಂತಹ ದ್ರವವನ್ನು ಹೊತ್ತ ಹಡಗು ಕಾಫಿಯನ್ನು ಬಿಸಿಯಾಗಿಡುವ ಫ್ಲಾಸ್ಕಿನ ಹಾಗೆ. ವ್ಯತ್ಯಾಸವೇನೆಂದರೆ ಇಲ್ಲಿ ಒಳಗಿನ ತಂಪು ಹೊರಗೆ ಹೋಗಬಾರದೆಂಬ ಕಟ್ಟುಪಾಡಿಲ್ಲ, ಹೊರಗಿನ ಶಾಖ ಒಳಗೆ ನುಸುಳಬಾರದೆಂಬ ಕಟ್ಟುಪಾಡು. ಎಷ್ಟು ಎಚ್ಚರ ವಹಿಸಿದರೂ ದ್ರವದ ಒಂದಂಶ ದಿನದಿನವೂ ಕುದಿದು ಆವಿಯಾಗುತ್ತಲೇ ಇರುತ್ತದೆ. ಅನೇಕ ಹಡಗುಗಳು ಆ ಆವಿಯನ್ನೇ ತಮ್ಮ ಎಂಜಿನಿಗೆ ಇಂಧನವಾಗಿ ಬಳಸಿಕೊಂಡು ಮುಂದೆ ಸಾಗುತ್ತವೆ. ಹೊತ್ತ ಬುತ್ತಿಯನ್ನೇ ಸ್ವಲ್ಪ ಸ್ವಲ್ಪವಾಗಿ ತಿನ್ನುತ್ತ ನಡೆಯುವ ದಾರಿಹೋಕನ ಹಾಗೆ!

ಈ ವಿದ್ಯೆ ಮಾನವನಿಗೆ ಬೆಲೆ ತೆರದೆ ಬಂದುದಲ್ಲ. 1944ರ ಅಕ್ಟೋಬರ್ 20ರಂದು ಅಮೆರಿಕದ ಕ್ಲೀವ್‌ಲ್ಯಾಂಡ್ ನಗರದಲ್ಲಿ ದ್ರವೀಕೃತ ನೈಸರ್ಗಿಕ ಅನಿಲದ ತೊಟ್ಟಿಯೊಂದು ಒಡೆಯಿತು. ದ್ರವ ಬೀದಿಗಿಳಿದು, ಚರಂಡಿಗಳೊಳಗೆ ಹರಿದು, ಹೊತ್ತಿಕೊಂಡಿತು. ನೂರಕ್ಕೂ ಹೆಚ್ಚು ಜನ ಪ್ರಾಣ ಕಳೆದುಕೊಂಡರು. ತೊಟ್ಟಿಯ ಉಕ್ಕಿನಲ್ಲಿ ನಿಕ್ಕಲಿನ ಅಂಶ ಸಾಲದೆ ಇದ್ದುದರಿಂದ ಅಂತಹ ಚಳಿಯಲ್ಲಿ ಅದು ಗಾಜಿನಂತೆ ಪೆಡಸಾಗಿತ್ತು. ಆ ಬಳಿಕ ಬಹುಕಾಲ ಈ ದ್ರವದ ಗೊಡವೆಗೆ ಹೋಗಲು ಜನ ಅಂಜಿದರು. 1959ರಲ್ಲಿ ‘ಮೀಥೇನ್ ಪಯೊನಿಯರ್’ ಎಂಬ ಹಡಗು ಅಮೆರಿಕದಿಂದ ಅದನ್ನು ಹೊತ್ತು ಅಟ್ಲಾಂಟಿಕ್ ಸಾಗರವನ್ನು ದಾಟಿ ಇಂಗ್ಲೆಂಡನ್ನು ಕ್ಷೇಮವಾಗಿ ಸೇರಿದ ಮೇಲೆಯೇ ಸಮುದ್ರದ ದಾರಿ ತೆರೆಯಿತು.

ಕಡಲಿನ ಮೇಲೆ ಈ ಹಡಗುಗಳು ಇದುವರೆಗೆ ತಕ್ಕಮಟ್ಟಿಗೆ ಕ್ಷೇಮವಾಗಿಯೇ ನಡೆದುಕೊಂಡು ಬಂದಿವೆ ಎಂದು ಒಪ್ಪಬೇಕು. ವಿಪತ್ತು ಕಾದಿರುವುದು ಹೆಚ್ಚಾಗಿ ದಡದಲ್ಲಿ, ಕಡಲಿನಿಂದ ನೆಲಕ್ಕೆ ದಾಟಿಸುವಾಗ ಮತ್ತು ನೆಲದ ಮೇಲೆ ಸಾಗಿಸುವಾಗ. 1997ರ ಸೆಪ್ಟೆಂಬರ್ 14ರಂದು ವಿಶಾಖಪಟ್ಟಣದ ಸಂಸ್ಕರಣಾಗಾರದಲ್ಲಿ ಹಡಗಿನಿಂದ ಅಡುಗೆ ಅನಿಲವನ್ನು ಇಳಿಸಿಕೊಳ್ಳುತ್ತಿದ್ದಾಗ ಸೋರಿಕೆಯುಂಟಾಗಿ, ಬೆಂಕಿ ಹೊತ್ತಿ, ಸುಮಾರು 60 ಜನ ಸತ್ತರು. ಅದೇ ನಗರದಲ್ಲಿ ಹತ್ತು ವರ್ಷಗಳ ತರುವಾಯ, 2007ರಲ್ಲಿ, ಬಂಡೆಯನ್ನು ಕೊರೆದು ನೆಲದಾಳದಲ್ಲಿ ಅನಿಲವನ್ನು ಕೂಡಿಡುವ ಗವಿಯೊಂದು ಬಳಕೆಗೆ ಬಂದಿತು. ಮಂಗಳೂರಿನಲ್ಲಿಯೂ 80 ಸಾವಿರ ಟನ್ನು ಹಿಡಿಯುವ ಇಂತಹ ಗವಿ 2025ರಲ್ಲಿ ಸಿದ್ಧವಾಯಿತು. ಅದು ತುಂಬಿದ್ದರೆ ಐವತ್ತು ಲಕ್ಷಕ್ಕೂ ಹೆಚ್ಚು ಸಿಲಿಂಡರುಗಳಿಗೆ ಸಾಕಾಗುವಷ್ಟು ಅನಿಲ.

ಈ ಗವಿಯ ಯುಕ್ತಿ ಬಹು ಸೊಗಸಾದುದು. ಅದರ ಗೋಡೆಗೆ ಉಕ್ಕಿನ ಹೊದಿಕೆಯಿಲ್ಲ. ಅನಿಲವನ್ನು ಹಿಡಿದಿಟ್ಟಿರುವುದು ನೀರು. ಹತ್ತು ಮೀಟರು ಆಳದ ನೀರು ಒಂದು ವಾತಾವರಣದಷ್ಟು ಒತ್ತಡವನ್ನು ಹಾಕುತ್ತದೆಂದು ವಿದ್ಯಾರ್ಥಿಗಳು ಓದಿರುತ್ತಾರೆ. ನೂರು ಮೀಟರಿಗೂ ಹೆಚ್ಚು ಆಳಕ್ಕೆ ಹೋದರೆ ಬಂಡೆಯ ಬಿರುಕುಗಳಲ್ಲಿರುವ ಅಂತರ್ಜಲದ ಒತ್ತಡ ಒಳಗಿನ ಅನಿಲದ ಒತ್ತಡವನ್ನು ಮೀರುತ್ತದೆ. ಹೀಗಾಗಿ ಹೊರಗಿನ ನೀರು ಹನಿಹನಿಯಾಗಿ ಗವಿಯೊಳಕ್ಕೆ ಜಿನುಗುತ್ತದೆಯೇ ಹೊರತು ಒಳಗಿನ ಅನಿಲ ಹೊರಕ್ಕೆ ಬರಲಾರದು. ಜಿನುಗಿದ ನೀರನ್ನು ಪಂಪಿನಿಂದ ಮೇಲೆತ್ತುತ್ತಿದ್ದರಾಯಿತು. ಮೇಲೆ ಬೆಂಕಿ ಬಿದ್ದರೂ ಗವಿಯನ್ನು ಅದು ಮುಟ್ಟುವುದು ಕಷ್ಟ.

ಹೆದ್ದಾರಿಯ ಮೇಲೆ ಸಾಗುವ ಟ್ಯಾಂಕರಿಗೆ ಇಂತಹ ಕಾವಲಿಲ್ಲ. 2013ರ ಏಪ್ರಿಲ್ 9ರಂದು ಮಂಗಳೂರು–ಬೆಂಗಳೂರು ಹೆದ್ದಾರಿಯಲ್ಲಿ, ಉಪ್ಪಿನಂಗಡಿಗೆ ಸಮೀಪದ ಪೆರ್ನೆಯಲ್ಲಿ, ಅನಿಲದ ಟ್ಯಾಂಕರೊಂದು ಮಗುಚಿತು. ಅಡುಗೆ ಅನಿಲ ಗಾಳಿಗಿಂತ ಭಾರವಾದುದು. ಮೀಥೇನಿನ ಹಾಗೆ ಮೇಲಕ್ಕೆ ಏರಿ ಚದರಿಹೋಗದೆ, ತಗ್ಗನ್ನು ಹುಡುಕಿಕೊಂಡು ನೆಲದ ಮೇಲೆ ನೀರಿನಂತೆ ಹರಡುತ್ತದೆ. ಅದು ಹೊತ್ತಿಕೊಂಡಾಗ ರಸ್ತೆಯ ಬದಿಯ ಮನೆಗಳೂ ಉರಿದುವು, ಹಲವರು ಸುಟ್ಟು ಸತ್ತರು. ಸತ್ತವರಲ್ಲಿ ದಾರಿಯಲ್ಲಿ ಹೋಗುತ್ತಿದ್ದವರಿದ್ದರು, ತಮ್ಮ ಪಾಡಿಗೆ ಮನೆಯಲ್ಲಿದ್ದವರಿದ್ದರು. ಆ ಅನಿಲ ಯಾರ ಒಲೆಗೆ ಹೊರಟಿತ್ತೋ ಅವರ ಮನೆಯಲ್ಲಿ ಅಂದು ಸಂಜೆಯೂ ಎಂದಿನಂತೆ ಅನ್ನ ಬೆಂದಿರಬೇಕು.

ಇದನ್ನು ಕೇಳಿದವರು, ‘ಇಷ್ಟು ಅಪಾಯದ ವಸ್ತುವನ್ನು ತರಿಸುವುದೇ ಬೇಡ’ ಎನ್ನಬಹುದು. ಅದು ವಿವೇಕದ ಮಾತಲ್ಲ. 2021ರ ಮೇ 5ರಂದು ನೌಕಾಪಡೆಯ ‘ತಲ್ವಾರ್’ ಹಡಗು ಬಹರೇನಿನಿಂದ ದ್ರವ ಆಮ್ಲಜನಕವನ್ನು ಹೊತ್ತು ಇದೇ ನವಮಂಗಳೂರು ಬಂದರಿಗೆ ಬಂದಿತು. ಕೋವಿಡ್ ರೋಗದ ಎರಡನೆಯ ಅಲೆಯಲ್ಲಿ ಆಸ್ಪತ್ರೆಗಳು ಪ್ರಾಣವಾಯುವಿಗಾಗಿ ಬಾಯಿಬಿಡುತ್ತಿದ್ದ ದಿನಗಳವು. ಸೊನ್ನೆಗಿಂತ 183 ಡಿಗ್ರಿ ಕೆಳಗಿನ ಆ ದ್ರವವನ್ನು ಇಟ್ಟುಕೊಳ್ಳುವ, ಸಾಗಿಸುವ ಧಾರಕಗಳೇ ದೇಶದಲ್ಲಿ ಸಾಲದೆ ಹೋದುದು ಆಗಿನ ದೊಡ್ಡ ಸಂಕಟಗಳಲ್ಲಿ ಒಂದು. ಅನಿಲ ಬೇಕು, ಹಡಗು ಬೇಕು, ಕೂಡಿಡುವ ತಾಣಗಳೂ ಬೇಕು. ಬೇಡವಾದುದು ಅವುಗಳ ಅಪಾಯವನ್ನು ಕಣ್ಣಿಗೆ ಕಾಣದ ಊರಿನ ಮೇಲೆ ಹೇರಿ ಸುಮ್ಮನಿರುವ ಅಭ್ಯಾಸ.

ಹಾಗಾದರೆ ಅಪಾಯವನ್ನು ರಸ್ತೆಯಿಂದ ಕೆಳಗಿಳಿಸಿ ಕೊಳವೆಗೆ ಹಾಕುವುದೇ ಸರಿಯಾದ ದಾರಿ. ಕೊಳವೆಯೂ ಸೋರಬಹುದು, ನಿಜ. ಆದರೆ ತಿರುವಿನಲ್ಲಿ ನಿದ್ದೆಗಣ್ಣಿನ ಚಾಲಕನ ಕೈಯಲ್ಲಿ ಅದು ಮಗುಚುವುದಿಲ್ಲ. ಸೋಲೂರಿನ ಕೊಳವೆ ಬಂದಿದ್ದರೂ ಶಿರಾಡಿಯ ದಾರಿಯಲ್ಲಿ ಟ್ಯಾಂಕರುಗಳು ಪೂರ್ತಿಯಾಗಿ ನಿಂತಿಲ್ಲ. ನಿಲ್ಲಿಸುವ ಗುರಿ ಸರ್ಕಾರಕ್ಕೂ ಕಂಪೆನಿಗಳಿಗೂ ಇರಬೇಕು. ಅದಕ್ಕೆ ತಗಲುವ ವೆಚ್ಚ ಸಿಲಿಂಡರಿನ ಬೆಲೆಯಲ್ಲಿ ಕೆಲವು ರೂಪಾಯಿಗಳಾಗಿ ಸೇರಿಕೊಂಡರೆ, ಕೊಡಬಲ್ಲ ನಗರವಾಸಿಗಳು ಗೊಣಗದೆ ಕೊಡುವುದು ಧರ್ಮ.

ಬಡಾವಣೆಗಳಲ್ಲಿ ಮನೆಮನೆಗೆ ಕೊಳವೆಯ ಅನಿಲ ಕೊಡುವುದಕ್ಕಾಗಿ ರಸ್ತೆಗಳನ್ನು ಅಗೆದಾಗ ಏಳುವ ಕೂಗು ಎಲ್ಲರಿಗೂ ಪರಿಚಿತವಾದುದು. ಅಗೆದ ಗುಂಡಿಯನ್ನು ಸರಿಯಾಗಿ ಮುಚ್ಚದೆ ಹೋಗುವವರ ಮೇಲೆ ಕೋಪಬರುವುದು ಸಹಜ; ಆ ದೂರು ನ್ಯಾಯವಾದುದೇ. ಆದರೆ ಅಗೆಯಲೇಬಾರದೆಂಬ ಹಟಕ್ಕೆ ಅರ್ಥವಿಲ್ಲ. ಈ ನೈಸರ್ಗಿಕ ಅನಿಲವೂ ಕಡಲನ್ನೇ ನೆಚ್ಚಿದೆ. ಮಹಾರಾಷ್ಟ್ರದ ರತ್ನಗಿರಿ ಜಿಲ್ಲೆಯ ದಾಭೋಳದಲ್ಲಿ ಹಡಗಿನಿಂದ ಇಳಿದ ದ್ರವವನ್ನು ಮತ್ತೆ ಅನಿಲಮಾಡಿ, ಸುಮಾರು ಸಾವಿರ ಕಿಲೋಮೀಟರು ಉದ್ದದ ಕೊಳವೆಯಲ್ಲಿ ಕೆಂಗೇರಿಯ ಆಚೆಗಿನ ಬಿಡದಿಯವರೆಗೆ ತರುವ ಏರ್ಪಾಡು 2013ರಲ್ಲಿ ಆಯಿತು. ದಾಭೋಳದಲ್ಲಿ ಅಲೆತಡೆಯ ಗೋಡೆ ಪೂರ್ತಿಯಾಗದೆ ಅನೇಕ ವರ್ಷ ಮಳೆಗಾಲದಲ್ಲಿ ಹಡಗುಗಳು ದಡಕ್ಕೆ ಬರಲಾಗುತ್ತಿರಲಿಲ್ಲ. ಕೊಂಕಣದ ಸಮುದ್ರದಲ್ಲಿ ಒಂದು ಗೋಡೆ ಅರೆಯಾಗಿ ನಿಂತರೆ ಅದರ ಚಿಂತೆ ಬೆಂಗಳೂರಿನವರೆಗೂ ಬರುತ್ತದೆ.

ಇನ್ನು ಕೊಳವೆ ಹಾಯುವ ನೆಲದ ಒಡೆಯರ ವಿಚಾರ. 1962ರ ಕಾಯಿದೆಯಂತೆ ರೈತನ ಹೊಲ ಅವನದಾಗಿಯೇ ಉಳಿಯುತ್ತದೆ. ಅದರ ಅಡಿಯಲ್ಲಿ ಕೊಳವೆ ಹಾಕುವ ಹಕ್ಕನ್ನು ಮಾತ್ರ ಸರ್ಕಾರ ಪಡೆಯುತ್ತದೆ. ಬೆಳೆಗಾದ ನಷ್ಟವನ್ನು ಬೇರೆಯಾಗಿ ತುಂಬಿಕೊಡಬೇಕು. ಹಕ್ಕಿಗಾಗಿ ಆ ಕಾಯಿದೆ ಗೊತ್ತುಮಾಡಿದ ಪರಿಹಾರ ಆ ಪಟ್ಟಿಯಷ್ಟು ಜಮೀನಿನ ಬೆಲೆಯಲ್ಲಿ ನೂರಕ್ಕೆ 10ರಷ್ಟು. ಅದರ ಮೇಲೆ ರೈತ ಮುಂದೆ ಮನೆ ಕಟ್ಟುವಂತಿಲ್ಲ, ಬಾವಿ ತೋಡುವಂತಿಲ್ಲ, ಮರ ನೆಡುವಂತಿಲ್ಲ. ಒಂದು ಸಲ ಕೊಟ್ಟ ಹತ್ತನೆಯ ಒಂದು ಪಾಲು ಎಂದೆಂದಿಗೂ ಇರುವ ನಿರ್ಬಂಧಕ್ಕೆ ಸಾಟಿಯಾಗದು. ಅನಿಲ ಹರಿಯುವಷ್ಟು ಕಾಲ ವರ್ಷವರ್ಷವೂ ಆ ನೆಲಕ್ಕೆ ಬಾಡಿಗೆಯಂತೆ ಏನಾದರೂ ಸಲ್ಲುವ ಏರ್ಪಾಡು ಇರಬೇಕಾದುದು ಯುಕ್ತ. ಬೆಂಗಳೂರಿನಲ್ಲಿ ಒಂದು ಕೋಣೆಯನ್ನು ಬಾಡಿಗೆಗೆ ಕೊಡುವವನು ಹತ್ತರಲ್ಲೊಂದು ಪಾಲು ಬೆಲೆಯನ್ನು ಒಮ್ಮೆ ಪಡೆದು ಶಾಶ್ವತವಾಗಿ ಬೀಗದ ಕೈ ಒಪ್ಪಿಸಿಯಾನೆ?

ಅನಿಲದ ಕೊಳವೆ ಹಾದುಹೋದ ಕಡೆ ಹೊಲದ ಬದುಗಳಲ್ಲಿ ಎಚ್ಚರಿಕೆ ಬರೆದ ಗುರುತಿನ ಕಂಬಗಳನ್ನು ಕಾಣಬಹುದು. ಕಂಬದ ಸುತ್ತ ರಾಗಿ ಬೆಳೆಯುತ್ತದೆ. ಪಕ್ಕದಲ್ಲಿ ತೆಂಗಿನ ಸಸಿಯೊಂದನ್ನು ನೆಡಬೇಕೆಂದರೆ ಮಾತ್ರ, ರೈತ ಕೊಳವೆಯ ಪಟ್ಟಿಯನ್ನು ಬಿಟ್ಟು ಹೆಜ್ಜೆಗಳನ್ನು ಎಣಿಸಿಕೊಂಡು ಆಚೆಗೆ ಹೋಗುತ್ತಾನೆ.